ಕೆನೆ ಚೀಸ್, ತಾಜಾ ಹಣ್ಣು, ಗರಿಗರಿ ಬ್ರೆಡ್: ಬೆಳಗಿನ ಸಿಹಿ ಟೋಸ್ಟ್‌ಗೊಂದು ಸಮಗ್ರ ಮಾರ್ಗದರ್ಶಿ

ಅಂಜೂರ ಮಾರುಕಟ್ಟೆಗೆ ಬಂತೆಂದರೆ ನಮ್ಮ ಮನೆಯಲ್ಲಿ ಭಾನುವಾರದ ದೋಸೆಗೆ ರಜೆ. ಅದೇ ಕಾವಲಿಯ ಮೇಲೆ ದಪ್ಪನೆಯ ಬ್ರೆಡ್ ತುಪ್ಪದಲ್ಲಿ ಕೆಂಪಗಾಗುತ್ತದೆ. ಅದರ ಮೇಲೆ ಹಿಂದಿನ ರಾತ್ರಿ ಮಾಡಿಟ್ಟ ಮೆತ್ತನೆಯ ಚೀಸ್, ಚೀಸ್ ಮೇಲೆ ಅಂಜೂರದ ಹೋಳು, ಕೊನೆಗೆ ಒಂದೆಳೆ ಜೋನಿ ಬೆಲ್ಲ. ಕಚ್ಚಿದಾಗ ಮೊದಲು ಕರಂ ಎನ್ನಬೇಕು, ಆಮೇಲೆ ತಣ್ಣಗೆ ಕರಗಬೇಕು.

ಇಟಲಿಯಲ್ಲಿ ರಿಕೋಟಾ ಚೀಸ್, ಅಂಜೂರ, ಜೇನು ಹಳೆಯ ಜೋಡಿ. ನಮ್ಮೂರಿನ ಕೆಫೆಗಳಲ್ಲೂ ಈಗ ಸಿಗುತ್ತದೆ. ಆದರೆ ಒಂದು ಲೀಟರ್ ಹಾಲು, ಎರಡು ನಿಂಬೆಹಣ್ಣು ಇದ್ದರೆ ಮನೆಯಲ್ಲೇ ನಾಲ್ಕೈದು ಟೋಸ್ಟ್‌ಗೆ ಸಾಕಾಗುವಷ್ಟು ಚೀಸ್ ಆಗುತ್ತದೆ. ಮಾಡಿ ನೋಡಿ ಕೈಬಿಟ್ಟವರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ ಮಾತು: ಬ್ರೆಡ್ ಮುದ್ದೆಯಾಯಿತು. ಇಲ್ಲಿ ಎಲ್ಲದರಲ್ಲೂ ನೀರಿದೆ. ಚೀಸ್‌ನಲ್ಲಿ ನೀರು, ಹಣ್ಣಿನಲ್ಲಿ ನೀರು, ಬಿಸಿ ಬ್ರೆಡ್‌ನಿಂದ ಹೊರಡುವ ಹಬೆಯೂ ನೀರೇ. ಈ ಮೂರು ನೀರು ಎಲ್ಲಿರಬೇಕೋ ಅಲ್ಲೇ ಇರುವಂತೆ ನೋಡಿಕೊಂಡರೆ ಟೋಸ್ಟ್ ಕೆಡುವುದಿಲ್ಲ. ಮುಂದೆ ಬರುವ ಪ್ರತಿ ಹಂತವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಬೇಕಾಗುವ ಸಾಮಾನು (ನಾಲ್ಕು ಟೋಸ್ಟ್‌ಗೆ)

ಹಾಲು 1 ಲೀಟರ್
ತಾಜಾ ಕ್ರೀಮ್ 100 ಮಿ.ಲೀ. (ಇಲ್ಲದಿದ್ದರೂ ನಡೆಯುತ್ತದೆ)
ನಿಂಬೆರಸ 2 ದೊಡ್ಡ ಚಮಚ, ಜೊತೆಗೆ ಅಷ್ಟೇ ನೀರು
ಉಪ್ಪು ಎರಡು ಚಿಟಿಕೆ
2 ಸೆಂ.ಮೀ. ದಪ್ಪದ ಬ್ರೆಡ್ 4 ಹೋಳು
ತುಪ್ಪ 4 ಸಣ್ಣ ಚಮಚ
ಆಯಾ ಕಾಲದ ಹಣ್ಣು, ಹೋಳು ಮಾಡಿದ್ದು ಸುಮಾರು 300 ಗ್ರಾಂ
ಜೇನುತುಪ್ಪ ಅಥವಾ ಜೋನಿ ಬೆಲ್ಲ, ರುಚಿಗೆ
ಏಲಕ್ಕಿ, ಕಾಳುಮೆಣಸು, ಹುರಿದ ಗೋಡಂಬಿ ಅಥವಾ ಎಳ್ಳು

ಮೊದಲ ಹೆಜ್ಜೆ: ಹಾಲು ಆರಿಸುವುದು

ಚೀಸ್‌ನ ಗುಣ ಹಾಲಿನ ಕೊಬ್ಬಿನ ಮೇಲಿದೆ. ನಂದಿನಿಯ ನೀಲಿ ಪ್ಯಾಕೆಟ್ ಟೋನ್ಡ್ ಹಾಲು, ಅದರಲ್ಲಿ ಕೊಬ್ಬು ಶೇ. 3. ಅದರಿಂದಲೂ ಚೀಸ್ ಆಗುತ್ತದೆ, ಸ್ವಲ್ಪ ಒಣಕಲು. ಶೇ. 4.5ರ ಸ್ಟ್ಯಾಂಡರ್ಡೈಸ್ಡ್ ಹಾಲಾಗಲಿ ಶೇ. 6ರ ಫುಲ್ ಕ್ರೀಮ್ ಹಾಲಾಗಲಿ ತಂದರೆ ಚೀಸ್ ತಾನಾಗಿಯೇ ಕೆನೆಗಟ್ಟಿರುತ್ತದೆ, ಬೇರೆ ಕ್ರೀಮ್ ಬೇಕಿಲ್ಲ. ಟೋನ್ಡ್ ಹಾಲೇ ಇದ್ದರೆ 100 ಮಿ.ಲೀ. ಕ್ರೀಮ್ ಸೇರಿಸಿ. ಮನೆಯಲ್ಲಿ ಬೆಣ್ಣೆಗೆಂದು ಎತ್ತಿಟ್ಟ ತಾಜಾ ಕೆನೆಯೂ ಆಗುತ್ತದೆ, ಆದರೆ ಹುಳಿ ಬಂದಿರಬಾರದು.

ಫ್ರಿಡ್ಜ್ ಬೇಡದ, ತಿಂಗಳುಗಟ್ಟಲೆ ಬಾಳುವ ಟೆಟ್ರಾಪ್ಯಾಕ್ ಹಾಲನ್ನು ಇದಕ್ಕೆ ಬಳಸಬೇಡಿ. ಅದನ್ನು ಬಹಳ ಹೆಚ್ಚು ಶಾಖದಲ್ಲಿ ಕಾಯಿಸಿರುವುದರಿಂದ ಒಡೆದಾಗ ಗಟ್ಟಿ ಗರಣೆ ಕಟ್ಟದೆ ಪುಡಿಪುಡಿಯಾಗುತ್ತದೆ, ಅರ್ಧ ಬಟ್ಟೆಯಲ್ಲೇ ಸೋರಿಹೋಗುತ್ತದೆ.

ಎರಡನೆಯ ಹೆಜ್ಜೆ: ಹಾಲು ಒಡೆಸುವುದು

ಈ ಮಾರ್ಗದರ್ಶಿಯಲ್ಲಿ ನಿಧಾನವಾಗಿ ಮಾಡಬೇಕಾದ ಭಾಗ ಇದೊಂದೇ. ತಳ ದಪ್ಪಗಿರುವ ಪಾತ್ರೆ ತೆಗೆದುಕೊಳ್ಳಿ. ಒಳಗೆಲ್ಲ ತಣ್ಣೀರು ಆಡಿಸಿ ಚೆಲ್ಲಿ, ಒರೆಸಬೇಡಿ. ಆ ತೇವದಿಂದ ಹಾಲು ತಳ ಹಿಡಿಯುವುದು ಕಡಿಮೆಯಾಗುತ್ತದೆ. ಹಾಲು, ಕ್ರೀಮ್, ಒಂದು ಚಿಟಿಕೆ ಉಪ್ಪು ಹಾಕಿ ಮಧ್ಯಮ ಉರಿಯಲ್ಲಿಡಿ. ಸೌಟು ತಳಕ್ಕೆ ತಾಗುವಂತೆ ಆಗಾಗ ಕೈಯಾಡಿಸುತ್ತಿರಿ. ಸೀದ ವಾಸನೆ ಒಮ್ಮೆ ಹಿಡಿದರೆ ಯಾವ ಜೇನೂ ಅದನ್ನು ಮುಚ್ಚಲಾರದು.

ಉಕ್ಕಲು ಬಿಡಬಾರದು. ಬೇಕಾಗಿರುವುದು 85ರಿಂದ 90 ಡಿಗ್ರಿ ಸೆಲ್ಸಿಯಸ್. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚು ನೋಡಿ: ಅಂಚಿನ ಸುತ್ತ ಸಣ್ಣ ಗುಳ್ಳೆಗಳ ಸರ ಕಟ್ಟುತ್ತದೆ, ಮೇಲೆ ಹಬೆ ಏಳುತ್ತದೆ, ನಡುವಿನ ಹಾಲು ನಡುಗುತ್ತದೆ, ಆದರೆ ಇನ್ನೂ ಉಬ್ಬಿರುವುದಿಲ್ಲ. ಆ ಹೊತ್ತಿಗೆ ಒಲೆ ಆರಿಸಿ. ಇಷ್ಟು ಬಿಸಿ ಏಕೆಂದರೆ, ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇ. 80 ಕೇಸೀನ್, ಉಳಿದದ್ದು ಸಾಮಾನ್ಯವಾಗಿ ನೀರಿನ ಜೊತೆ ಹೊರಟುಹೋಗುವ ಬೇರೆ ಪ್ರೋಟೀನು. ಹೀಗೆ ಕಾಯಿಸಿದಾಗ ಆ ಉಳಿದದ್ದೂ ಬಿಚ್ಚಿಕೊಂಡು ಕೇಸೀನಿಗೆ ಅಂಟುತ್ತದೆ, ತನ್ನೊಳಗೆ ಒಂದಿಷ್ಟು ತೇವವನ್ನೂ ಹಿಡಿದುಕೊಳ್ಳುತ್ತದೆ. ಚೀಸ್‌ನ ಮೃದುತ್ವ ಬರುವುದು ಅಲ್ಲಿಂದ.

ಒಂದು ನಿಮಿಷ ಬಿಟ್ಟು, ನೀರು ಬೆರೆಸಿದ ನಿಂಬೆರಸವನ್ನು ಸುತ್ತಲೂ ಚಿಮುಕಿಸಿ. ಸೌಟಿನಿಂದ ಮೂರೇ ಮೂರು ಸುತ್ತು, ತುಂಬ ಮೆಲ್ಲಗೆ. ಅಲ್ಲಿಗೆ ಕೈ ತೆಗೆದು ಪಾತ್ರೆ ಮುಚ್ಚಿ ಹತ್ತು ನಿಮಿಷ ಬಿಡಿ. ಹೆಚ್ಚಿನವರು ಆತುರಪಡುವುದು ಈ ಹತ್ತು ನಿಮಿಷದಲ್ಲೇ. ಕಲಕುತ್ತಲೇ ಇದ್ದರೆ ಗರಣೆ ಒಡೆದು ಚೂರಾಗಿ, ರಬ್ಬರಿನಂತಾಗುತ್ತದೆ. ಮುಚ್ಚಳ ತೆಗೆದಾಗ ಮೇಲೆ ಮೋಡದಂಥ ಬಿಳಿ ಗರಣೆ, ಅದರ ಸಂದಿಯಲ್ಲಿ ತುಸು ಹಸಿರು ಛಾಯೆಯ ಹಳದಿ ತಿಳಿ ಕಾಣಬೇಕು. ತಿಳಿ ಇನ್ನೂ ಹಾಲಿನ ಬಣ್ಣದಲ್ಲೇ ಇದ್ದರೆ ಒಂದು ಸಣ್ಣ ಚಮಚ ನಿಂಬೆರಸ ಹಾಕಿ ಮತ್ತೆ ಐದು ನಿಮಿಷ ಕಾಯಿರಿ. ನಿಂಬೆಯ ಹುಳಿ ಒಂದೊಂದು ಹಣ್ಣಿಗೂ ಬೇರೆ, ಹಾಗಾಗಿ ಚಮಚದ ಲೆಕ್ಕಕ್ಕಿಂತ ತಿಳಿಯ ಬಣ್ಣವನ್ನೇ ನಂಬಿ.

ಗಿಣ್ಣು ತಿಂದವರಿಗೆ ಈ ಗರಣೆಯ ಮೃದುತ್ವ ಹೊಸದೇನಲ್ಲ. ಹೊಸದಾಗಿ ಕರು ಹಾಕಿದ ಹಸುವಿನ ಹಾಲು ಶಾಖಕ್ಕೆ ತಾನೇ ಗಟ್ಟಿಯಾಗುತ್ತದೆ, ಇಲ್ಲಿ ನಿಂಬೆಯ ಸಹಾಯ ಬೇಕು, ಅಷ್ಟೇ. ಅಸಲು ಇಟಲಿಯ ರಿಕೋಟಾ ಇನ್ನೂ ಮಿತವ್ಯಯದ್ದು. ಬೇರೆ ಚೀಸ್ ಮಾಡಿ ಉಳಿದ ತಿಳಿಯನ್ನೇ ಇನ್ನೊಮ್ಮೆ ಕಾಯಿಸಿ ಅದರಲ್ಲಿರುವ ಪ್ರೋಟೀನನ್ನು ಎತ್ತುತ್ತಾರೆ, ಹೆಸರಿನ ಅರ್ಥವೇ ‘ಮತ್ತೆ ಬೇಯಿಸಿದ್ದು’. ನಾವು ಇಡೀ ಹಾಲಿನಿಂದ ಮಾಡುವುದು ಅದರ ತಂಗಿ ಎನ್ನಬಹುದು.

ಮೂರನೆಯ ಹೆಜ್ಜೆ: ಸೋಸುವುದು, ನಯ ಮಾಡುವುದು

ಜಾಲರಿಯ ಮೇಲೆ ಒದ್ದೆ ಮಾಡಿ ಹಿಂಡಿದ ತೆಳು ಹತ್ತಿ ಬಟ್ಟೆ ಹಾಸಿ. ಹಳೆಯ ಮಲ್ ಪಂಚೆಯ ತುಂಡು ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಗರಣೆಯನ್ನು ಸುರಿಯಬೇಡಿ, ಸೌಟಿನಲ್ಲಿ ಎತ್ತಿ ಎತ್ತಿ ಹಾಕಿ. ಹದಿನೈದರಿಂದ ಇಪ್ಪತ್ತು ನಿಮಿಷ ತಾನಾಗಿಯೇ ಸೋರಲಿ. ಹಿಂಡಬಾರದು, ಮೇಲೆ ಭಾರ ಇಡಬಾರದು. ಹಿಂಡಿ ಭಾರ ಇಟ್ಟರೆ ಅದು ಪನೀರ್. ಬಟ್ಟೆಯ ತುದಿ ಎತ್ತಿದಾಗ ಚೀಸ್ ಒದ್ದೆ ರವೆ ಉಂಡೆಯ ಹದದಲ್ಲಿರಬೇಕು, ಕೆಳಗೆ ಹನಿ ಬೀಳುವುದು ನಿಂತಿರಬೇಕು. ಒಂದು ಲೀಟರ್ ಹಾಲಿಗೆ ಸುಮಾರು 200 ಗ್ರಾಂ ಸಿಗುತ್ತದೆ.

ಇದನ್ನು ಹಾಗೇ ಹಚ್ಚಿದರೂ ರುಚಿ. ಆದರೆ ನಾಲಿಗೆಗೆ ಕೆನೆಯಂತೆ ಬೇಕಾದರೆ ಮಿಕ್ಸಿಯ ಸಣ್ಣ ಜಾರಿಗೆ ಹಾಕಿ, ಒಂದು ಚಿಟಿಕೆ ಉಪ್ಪು, ಒಂದು ಸಣ್ಣ ಚಮಚ ಜೇನು, ಒಂದೆರಡು ಚಮಚ ಸೋಸಿದ ತಿಳಿ ಸೇರಿಸಿ ಇಪ್ಪತ್ತು ಸೆಕೆಂಡು ತಿರುಗಿಸಿ. ಜಾರ್ ಮಾತ್ರ ಮೂಸಿ ನೋಡಿ ಬಳಸಿ. ದಿನಾ ಚಟ್ನಿ ರುಬ್ಬುವ ಜಾರಿನ ಮುಚ್ಚಳದ ರಬ್ಬರ್‌ನಲ್ಲಿ ಬೆಳ್ಳುಳ್ಳಿ ಅಡಗಿರುತ್ತದೆ, ಹಾಲಿನ ಕೊಬ್ಬು ಆ ವಾಸನೆಯನ್ನು ತಕ್ಷಣ ಹೀರಿಕೊಳ್ಳುತ್ತದೆ. ಬಿಸಿನೀರು, ಕಡಲೆಹಿಟ್ಟಿನಿಂದ ಒಮ್ಮೆ ತೊಳೆದರೆ ಸಾಕು.

ಸಿಹಿ ತಿಂಡಿಗೆ ಉಪ್ಪೇಕೆ ಎನ್ನಬೇಡಿ. ಪಾಯಸಕ್ಕೂ ಒಂದು ಹರಳು ಉಪ್ಪು ಹಾಕುವವರಿದ್ದಾರಲ್ಲ, ಅದೇ ಕಾರಣ. ಉಪ್ಪಿಲ್ಲದ ಚೀಸ್ ಬರೀ ಬಿಳುಪು, ಉಪ್ಪು ಬಿದ್ದಾಗಲೇ ಹಾಲಿನ ರುಚಿ ಏಳುತ್ತದೆ.

ಸೋಸಿದ ತಿಳಿಯನ್ನು ಚೆಲ್ಲಬೇಡಿ. ಚಪಾತಿ ಹಿಟ್ಟು ಅದರಲ್ಲೇ ಕಲಸಿ, ಚಪಾತಿ ಸಂಜೆಯವರೆಗೂ ಮೆತ್ತಗಿರುತ್ತದೆ. ನಿಂಬೆಹುಳಿ ಇರುವುದರಿಂದ ಸಾರಿಗೂ ಒಗ್ಗುತ್ತದೆ.

ಒಲೆ ಹಚ್ಚದೆ: ಕಟ್ಟಿದ ಮೊಸರು

ಇದು ಧಾರವಾಡದ ನಮ್ಮ ಅತ್ತೆಯ ಕೈಯ ವಿದ್ಯೆ. ಅವರ ಮನೆಯಲ್ಲಿ ಶ್ರೀಖಂಡಕ್ಕೆ ಮೊಸರು ಕಟ್ಟುವ ಬಟ್ಟೆಯೇ ಬೇರೆ ಇತ್ತು, ಅದನ್ನು ಇನ್ಯಾವುದಕ್ಕೂ ಮುಟ್ಟುವಂತಿರಲಿಲ್ಲ. ನಾನು ಮೊದಲ ಸಲ ಫ್ರಿಡ್ಜ್‌ನಲ್ಲಿ ಉಳಿದಿದ್ದ ಹಳೆ ಮೊಸರು ಕಟ್ಟಲು ಹೊರಟಾಗ ಬೆರಳು ಅದ್ದಿ ನೋಡಿ ಹೇಳಿದರು: “ಹುಳಿ ಮೊಸರು ಕಟ್ಟಬ್ಯಾಡವಾ. ಆಮ್ಯಾಲೆ ಎಷ್ಟು ಸಕ್ರಿ ಸುರಿದ್ರೂ ಬಾಯಿಗೆ ಸೇರಂಗಿಲ್ಲ.” ನೂರಕ್ಕೆ ನೂರು ನಿಜ. ನೀರು ಹೋದಮೇಲೆ ಹುಳಿ ಇನ್ನೂ ಎದ್ದು ಕಾಣುತ್ತದೆ.

ಆಗತಾನೇ ಹೆಪ್ಪುಗಟ್ಟಿದ ಅರ್ಧ ಕೆ.ಜಿ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಜಾಲರಿಯ ಮೇಲಿಟ್ಟು, ಕೆಳಗೆ ಬಟ್ಟಲಿಟ್ಟು ಆರರಿಂದ ಎಂಟು ಗಂಟೆ ಫ್ರಿಡ್ಜ್‌ನಲ್ಲಿಡಿ. ಬೇಸಿಗೆಯಲ್ಲಿ ಹೊರಗೆ ನೇತುಹಾಕಿದರೆ ಬೆಳಗಾಗುವಷ್ಟರಲ್ಲಿ ಹುಳಿಯಾಗಿಬಿಡುತ್ತದೆ. ಬೆಳಿಗ್ಗೆ ಚಮಚದಲ್ಲಿ ಚೆನ್ನಾಗಿ ತಿರುವಿ, ಒಂದು ಚಿಟಿಕೆ ಏಲಕ್ಕಿ ಪುಡಿ, ಒಂದು ಚಮಚ ಜೇನು ಬೆರೆಸಿ. ಮಾವಿನಹಣ್ಣಿಗೆ ಹೊಂದುವುದು ಇದೇ. ಅಂಜೂರಕ್ಕೆ ಮೇಲಿನ ಹಾಲಿನ ಚೀಸ್ ವಾಸಿ ಎಂಬುದು ನನ್ನ ಅಭಿಪ್ರಾಯ.

ಅಂಗಡಿಯ ಕ್ರೀಮ್ ಚೀಸ್ ಇದ್ದರೆ ಅರ್ಧ ಗಂಟೆ ಮೊದಲು ಹೊರಗಿಡಿ, ಇಲ್ಲವಾದರೆ ಹಚ್ಚುವಾಗ ಬ್ರೆಡ್ ಹರಿಯುತ್ತದೆ. ಅದರಲ್ಲಿ ಉಪ್ಪು ಇದ್ದೇ ಇರುತ್ತದೆ, ಮತ್ತೆ ಹಾಕಬೇಡಿ. ಹೊರದೇಶದಲ್ಲಿರುವವರಿಗೆ ಡಬ್ಬಿಯಲ್ಲಿ ರಿಕೋಟಾ ಸಿಗುತ್ತದೆ. ಅದು ನೀರುನೀರಾಗಿದ್ದರೆ ಬಟ್ಟೆಯಲ್ಲಿ ಅರ್ಧ ಗಂಟೆ ಸೋಸಿ ಬಳಸಿ.

ನಾಲ್ಕನೆಯ ಹೆಜ್ಜೆ: ಬ್ರೆಡ್ ಸುಡುವುದು

ಪ್ಯಾಕೆಟ್‌ನಲ್ಲಿ ಬರುವ ತೆಳು ಹೋಳು ಇಷ್ಟೆಲ್ಲ ಭಾರ ಹೊರುವುದಿಲ್ಲ. ಅಯ್ಯಂಗಾರ್ ಬೇಕರಿಯಲ್ಲಿ “ಹೋಳು ಮಾಡಬೇಡಿ, ಇಡೀ ಬ್ರೆಡ್ ಕೊಡಿ” ಎಂದು ಕೇಳಿ ತಂದು, ಮನೆಯಲ್ಲಿ ಗರಗಸದ ಅಂಚಿನ ಚಾಕುವಿನಿಂದ ಹೆಬ್ಬೆರಳಿನ ದಪ್ಪಕ್ಕೆ ಕೊಯ್ದುಕೊಳ್ಳಿ. ಅಂದಿನ ಬ್ರೆಡ್‌ಗಿಂತ ಹಿಂದಿನ ದಿನದ್ದು ಒಳ್ಳೆಯದು. ತೇವ ಸ್ವಲ್ಪ ಇಳಿದಿರುತ್ತದೆ, ಕೊಯ್ಯುವಾಗಲೂ ಕುಸಿಯುವುದಿಲ್ಲ. ಸೋರ್‌ಡೋ ಸಿಗುವ ಊರಿನಲ್ಲಿದ್ದರೆ ಅದರ ಗಟ್ಟಿ ಸಿಪ್ಪೆ ಇನ್ನೂ ಹೆಚ್ಚು ಹೊತ್ತು ತಡೆಯುತ್ತದೆ, ಆದರೆ ಇದಕ್ಕಾಗಿ ಹುಡುಕಿಕೊಂಡು ಹೋಗಬೇಕಿಲ್ಲ.

ಟೋಸ್ಟರ್‌ಗಿಂತ ಕಾವಲಿ ನನಗೆ ಇಷ್ಟ. ಟೋಸ್ಟರ್ ಬ್ರೆಡ್ಡನ್ನು ಎಲ್ಲ ಕಡೆ ಒಣಗಿಸುತ್ತದೆ, ಕಾವಲಿ ಹೊರಗೆ ಗರಿ, ಒಳಗೆ ಹತ್ತಿಯಂತೆ ಉಳಿಸುತ್ತದೆ. ದೋಸೆಗೆ ಈರುಳ್ಳಿ ಉಜ್ಜಿದ ಕಾವಲಿಯಾದರೆ ಬಿಸಿನೀರು ಹಾಕಿ ಕುದಿಸಿ ಒರೆಸಿಕೊಳ್ಳಿ. ಆಮೇಲೆ ಬೆಣ್ಣೆಯ ಬದಲು ತುಪ್ಪ. ಬೆಣ್ಣೆಯಲ್ಲಿ ಹತ್ತಿರಹತ್ತಿರ ಆರನೆಯ ಒಂದು ಪಾಲು ನೀರು, ಜೊತೆಗೆ ಬೇಗ ಸೀಯುವ ಹಾಲಿನಂಶ. ತುಪ್ಪದಲ್ಲಿ ಅವೆರಡೂ ಕಾಯಿಸುವಾಗಲೇ ಹೋಗಿರುತ್ತವೆ. ತುಪ್ಪ ಹೀರಿ ಗರಿಯಾದ ಮೇಲ್ಮೈ ಚೀಸ್‌ನ ತೇವವನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲ.

ಕಾವಲಿ ಹದವಾಗಿ ಕಾದಮೇಲೆ ಉರಿ ಸಣ್ಣದು ಮಾಡಿ. ಅರ್ಧ ಚಮಚ ತುಪ್ಪ ಸವರಿ ಬ್ರೆಡ್ ಇಡಿ, ದೋಸೆ ಮಗಚುವ ಕೈಯಿಂದ ಮೆಲ್ಲಗೆ ಒಮ್ಮೆ ಒತ್ತಿ. ಒಂದು ಬದಿಗೆ ಎರಡರಿಂದ ಮೂರು ನಿಮಿಷ. ಅಯ್ಯಂಗಾರ್ ಬೇಕರಿ ಬ್ರೆಡ್ ತುಸು ಸಿಹಿ, ಅದಕ್ಕೇ ಬೇಗ ಕಪ್ಪಾಗುತ್ತದೆ. ಒಂದೂವರೆ ನಿಮಿಷಕ್ಕೇ ಅಂಚು ಎತ್ತಿ ನೋಡಿ. ಬಣ್ಣ ಚೆನ್ನಾಗಿ ಹುರಿದ ಗೋಡಂಬಿಯಷ್ಟಿರಲಿ.

ಇಳಿಸಿದ ಬ್ರೆಡ್ಡನ್ನು ತಟ್ಟೆಯ ಮೇಲೆ ಮಲಗಿಸಬೇಡಿ. ಒಮ್ಮೆ ಮಲಗಿಸಿಟ್ಟು ಒಂದು ನಿಮಿಷದ ನಂತರ ಎತ್ತಿ ನೋಡಿ, ತಟ್ಟೆಯ ಮೇಲೆ ಬ್ರೆಡ್‌ನ ಆಕಾರದಲ್ಲೇ ಬೆವರು ಕೂತಿರುತ್ತದೆ. ಅಷ್ಟು ನೀರು ತಳಕ್ಕೆ ಮರಳಿ ಹೋಗುತ್ತಿತ್ತು. ಎರಡು ಹೋಳುಗಳನ್ನು ಒಂದಕ್ಕೊಂದು ಒರಗಿಸಿ ಗುಡಾರದಂತೆ ನಿಲ್ಲಿಸಿ, ಎರಡು ನಿಮಿಷ ಹಬೆ ಹೋಗಲಿ. ಸುಡು ಬಿಸಿ ಬ್ರೆಡ್ ಮೇಲೆ ಚೀಸ್ ಹಚ್ಚಿದರೆ ಅದೂ ಸಡಿಲಾಗಿ ನೀರು ಬಿಡುತ್ತದೆ. ಕೈಗೆ ಬೆಚ್ಚಗೆ ಹತ್ತುವಷ್ಟಿದ್ದಾಗ ಹಚ್ಚಿ.

ಐದನೆಯ ಹೆಜ್ಜೆ: ಹಣ್ಣು

ಎಲ್ಲ ಹಣ್ಣಿಗೂ ಒಂದೇ ಉಪಚಾರ ಸಲ್ಲದು.

ಅಂಜೂರ ಮೊದಲು. ಶ್ರೀರಂಗಪಟ್ಟಣದ ಬಳಿಯ ಗಂಜಾಂ ಅಂಜೂರಕ್ಕೆ ಹಳೆಯ ಹೆಸರು. ಬಳ್ಳಾರಿ ಕಡೆಯಿಂದಲೂ ಬರುತ್ತದೆ. ಹಿಡಿದರೆ ಕೆನ್ನೆಯಂತೆ ಮೆತ್ತಗಿರಬೇಕು, ಹುಳಿ ವಾಸನೆ ಇರಬಾರದು. ಕಿತ್ತಮೇಲೆ ಇದು ಹಣ್ಣಾಗುವುದಿಲ್ಲ, ಗಟ್ಟಿಯಿದ್ದದ್ದನ್ನು ತಂದು ಕಾದರೆ ಪ್ರಯೋಜನವಿಲ್ಲ. ತೊಳೆದು ಒರೆಸಿ, ತೊಟ್ಟು ತೆಗೆದು, ಅರ್ಧ ಸೆಂ.ಮೀ. ದಪ್ಪದ ಬಿಲ್ಲೆ ಮಾಡಿ. ಸಕ್ಕರೆ ಬೇಡ. ಮೇಲೆ ಆಗ ಕುಟ್ಟಿದ ಕಾಳುಮೆಣಸು ಒಂದು ಚಿಟಿಕೆ ಉದುರಿಸಿ ನೋಡಿ, ಮತ್ತೆ ಬಿಡಲಾರಿರಿ.

ದಾಳಿಂಬೆ ಎಲ್ಲಕ್ಕಿಂತ ಸುಲಭ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕೆಂಪು ಕಾಳಿನಲ್ಲಿ ರಸವೆಲ್ಲ ತನ್ನದೇ ಚೀಲದಲ್ಲಿರುತ್ತದೆ, ಹಲ್ಲಿಗೆ ಸಿಕ್ಕಾಗಲೇ ಒಡೆಯುವುದು. ಬ್ರೆಡ್‌ಗೆ ಒಂದು ಹನಿಯೂ ಇಳಿಯುವುದಿಲ್ಲ. ಮೊದಲ ಸಲ ಮಾಡುವವರು ಇದರಿಂದಲೇ ಶುರುಮಾಡಿ.

ಮಾವಿನಲ್ಲಿ ಬಾದಾಮಿ ಅಥವಾ ಮಲ್ಲಿಕಾ ಆರಿಸಿ, ಹೋಳು ನಿಲ್ಲುತ್ತದೆ. ರಸಪುರಿಯನ್ನು ಸೀಕರಣೆಗೆ ಬಿಟ್ಟುಬಿಡಿ. ಅದರ ರುಚಿಗೆ ಸಾಟಿಯಿಲ್ಲ, ಆದರೆ ಅಷ್ಟು ರಸವನ್ನು ಯಾವ ಬ್ರೆಡ್ಡೂ ತಡೆಯದು. ಬಾಳೆಯಲ್ಲಿಯೂ ಹೀಗೇ. ನಂಜನಗೂಡು ರಸಬಾಳೆಯ ಪರಿಮಳ ದೊಡ್ಡದು, ಆದರೆ ಮೆತ್ತಗೆ ಜಾರುತ್ತದೆ, ಹಾಗಾಗಿ ಅದನ್ನು ಕಿವುಚಿ ಚೀಸ್‌ಗೇ ಬೆರೆಸಿ. ಹೋಳಿಗೆ ಏಲಕ್ಕಿ ಬಾಳೆ ಸರಿ. ಉದ್ದಕ್ಕೆ ಸೀಳಿ, ತುಪ್ಪ ಸವರಿದ ಕಾವಲಿಯ ಮೇಲೆ ಬೆಲ್ಲದ ಪುಡಿ ಉದುರಿಸಿ ಒಂದು ನಿಮಿಷ ಬಾಡಿಸಿದರೆ ಮಕ್ಕಳು ಇನ್ನೊಂದು ಕೇಳುತ್ತಾರೆ.

ಚಳಿಗಾಲದಲ್ಲಿ ಮಹಾಬಲೇಶ್ವರದ ಸ್ಟ್ರಾಬೆರಿ ಬರುತ್ತದೆ. ಹುಳಿ ಹೆಚ್ಚಿದ್ದರೆ ಸೀಳಿ ಒಂದು ಚಮಚ ಸಕ್ಕರೆ ಬೆರೆಸಿ ಹದಿನೈದು ನಿಮಿಷ ಬಿಡಿ. ಸಕ್ಕರೆ ಹಣ್ಣಿನ ನೀರನ್ನು ಹೊರಗೆಳೆಯುತ್ತದೆ. ಹಣ್ಣನ್ನು ಸೋಸಿ ತೆಗೆದು ಟೋಸ್ಟ್‌ಗೆ, ಉಳಿದ ಕೆಂಪು ಪಾಕವನ್ನು ತಿನ್ನುವಾಗ ಚಮಚದಲ್ಲಿ ಮೇಲೆ ಹನಿಸಿ. ಕೊಡಗಿನ ಕಿತ್ತಳೆಯಾದರೆ ತೊಳೆಯ ಮೇಲಿನ ಪೊರೆ ಬಿಡಿಸಿ, ಜಾಲರಿಯಲ್ಲಿ ಐದು ನಿಮಿಷ ಇಡಿ. ಬೆಂಗಳೂರು ನೀಲಿ ದ್ರಾಕ್ಷಿಯಲ್ಲಿ ಬೀಜವಿರುವುದರಿಂದ ಹಸಿಯಾಗಿ ಹಾಕುವಂತಿಲ್ಲ, ಬೇಯಿಸಿ ಸೋಸಿ ಗೊಜ್ಜು ಮಾಡಿಕೊಳ್ಳಬೇಕು.

ಅನಾನಸ್ ಬಗ್ಗೆ ಮಾತ್ರ ಎಚ್ಚರ. ಒಮ್ಮೆ ನೆಂಟರು ಬರುವವರಿದ್ದರು. ಬೆಳಗಿನ ಗಡಿಬಿಡಿ ಬೇಡವೆಂದು ಅನಾನಸ್ ಚೂರುಗಳನ್ನು ರಾತ್ರಿಯೇ ಚೀಸ್‌ಗೆ ಬೆರೆಸಿಟ್ಟೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಚೀಸ್ ಕರಗಿ ನೀರು ನಿಂತಿತ್ತು, ಬಾಯಿಗಿಟ್ಟರೆ ಹಾಗಲಕಾಯಿಯ ಕಹಿ. ಇಡೀ ಡಬ್ಬಿ ಚೆಲ್ಲಬೇಕಾಯಿತು, ಆ ಹಾಲಿನ ಬಗ್ಗೆ ಈಗಲೂ ಬೇಸರವಿದೆ. ಹಸಿ ಅನಾನಸ್‌ನಲ್ಲಿ ಬ್ರೋಮಿಲೇನ್ ಎಂಬ ಕಿಣ್ವವಿದೆ, ಅದು ಹಾಲಿನ ಪ್ರೋಟೀನನ್ನು ತುಂಡರಿಸುತ್ತದೆ, ಆ ತುಂಡುಗಳೇ ಕಹಿ. ಪಪ್ಪಾಯಿ, ಕಿವಿ ಹಣ್ಣಿನಲ್ಲೂ ಇಂಥ ಕಿಣ್ವಗಳಿವೆ. ಅಂಜೂರದ ತೊಟ್ಟಿನಿಂದ ಒಸರುವ ಬಿಳಿ ಹಾಲಿನಲ್ಲೂ ಇದೆ, ಪ್ರಾಚೀನ ಕಾಲದಲ್ಲಿ ಮೆಡಿಟರೇನಿಯನ್ ತೀರದವರು ಅದರಿಂದಲೇ ಹಾಲು ಒಡೆಸಿ ಚೀಸ್ ಮಾಡುತ್ತಿದ್ದರು. ಈ ಹಣ್ಣುಗಳನ್ನು ತಿನ್ನುವ ಹೊತ್ತಿಗೇ ಚೀಸ್ ಮೇಲಿಡಿ. ಅನಾನಸ್ ಅನ್ನು ಕಾವಲಿಯ ಮೇಲೆ ನಾಲ್ಕೈದು ನಿಮಿಷ ಚೆನ್ನಾಗಿ ಬಿಸಿಯಾಗುವಂತೆ ಬಾಡಿಸಿಕೊಂಡರೆ ಕಿಣ್ವ ಸತ್ತು ಆ ಭಯವೂ ಇರುವುದಿಲ್ಲ, ಸಿಹಿಯೂ ಏರುತ್ತದೆ.

ಆರನೆಯ ಹೆಜ್ಜೆ: ಜೋಡಿಸುವುದು

ತಿನ್ನುವವರು ಕೂತಮೇಲೆ ಜೋಡಿಸಿ. ಒಂದು ಟೋಸ್ಟ್‌ಗೆ ಎರಡು ದೊಡ್ಡ ಚಮಚ ಚೀಸ್, ಅಂಚಿನಿಂದ ಅರ್ಧ ಬೆರಳು ಬಿಟ್ಟು ದಪ್ಪಗೆ ಹಚ್ಚಿ. ಚಮಚದ ಬೆನ್ನಿನಿಂದ ನಡುವೆ ಒಂದು ಹಳ್ಳ ತಿರುವಿ, ಜೇನು ಅಲ್ಲಿ ನಿಲ್ಲುತ್ತದೆ, ಬದಿಗೆ ಹರಿದು ಕೈಗಂಟುವುದಿಲ್ಲ. ಹಣ್ಣಿನ ಹೋಳುಗಳನ್ನು ಒಂದರ ಮೇಲೊಂದು ತುಸು ಏರಿಸಿ ಇಡಿ. ಆಮೇಲೆ ಜೇನು ಅಥವಾ ಜೋನಿ ಬೆಲ್ಲ, ಅರ್ಧ ಸಣ್ಣ ಚಮಚಕ್ಕಿಂತ ಹೆಚ್ಚು ಬೇಡ. ಮಲೆನಾಡಿನವರು ದೋಸೆಗೆ ನಂಚಿಕೊಳ್ಳುವ ಜೋನಿ ಬೆಲ್ಲದ ಆ ಕಬ್ಬಿನ ಘಮ, ಸಣ್ಣ ಉಪ್ಪು ಈ ಚೀಸ್‌ಗೆ ಜೇನಿಗಿಂತಲೂ ಚೆನ್ನಾಗಿ ಕೂಡುತ್ತದೆ. ಕೊನೆಗೆ ಹುರಿದ ಗೋಡಂಬಿ ಚೂರು ಅಥವಾ ಎಳ್ಳು. ಐದು ನಿಮಿಷದೊಳಗೆ ತಿನ್ನಬೇಕು.

ಒಂದು ವರ್ಷ ತುಂಬದ ಕೂಸಿಗೆ ಜೇನು ತಾಗಿದ ತುಂಡನ್ನು ಕೊಡಬೇಡಿ, ಅಪರೂಪಕ್ಕೆ ಅದರಿಂದ ಗಂಭೀರ ಕಾಯಿಲೆ ಬರುವುದುಂಟು.

ಹಾಲಿನ ಚೀಸ್ ಮುಚ್ಚಿದ ಡಬ್ಬಿಯಲ್ಲಿ ಫ್ರಿಡ್ಜ್‌ನಲ್ಲಿ ಮೂರು ದಿನ ಇರುತ್ತದೆ. ಮೇಲೆ ನೀರು ಬಿಟ್ಟುಕೊಂಡಿದ್ದರೆ ಬಗ್ಗಿಸಿ ಚೆಲ್ಲಿ, ಕಲಸಬೇಡಿ. ಮಕ್ಕಳ ಡಬ್ಬಿಗೆ ಕಟ್ಟುವುದಾದರೆ ಮೂರನ್ನೂ ಬೇರೆ ಬೇರೆ ಇಡಿ: ಸುಟ್ಟು ಪೂರ್ತಿ ಆರಿಸಿದ ಬ್ರೆಡ್ ಕಾಗದದಲ್ಲಿ, ತಣ್ಣನೆಯ ಚೀಸ್ ಪುಟ್ಟ ಡಬ್ಬಿಯಲ್ಲಿ, ದಾಳಿಂಬೆ ಇನ್ನೊಂದರಲ್ಲಿ, ಜೊತೆಗೊಂದು ಚಮಚ. ಹಚ್ಚಿಕೊಳ್ಳುವ ಕೆಲಸ ಅವರಿಗೇ ಬಿಡಿ. ನಮ್ಮ ಮಗಳು ಈಗ ಎರಡು ಚಮಚ ಹೆಚ್ಚು ಹಾಕಿಸಿಕೊಂಡು ಹೋಗುತ್ತಾಳೆ, ಪಕ್ಕದಲ್ಲಿ ಕೂರುವ ಗೆಳತಿಗೆ.